ಬಂದ ಪದ್ಯವನ್ನು ತಿದ್ದುವ ಹಕ್ಕು

ಕಾವ್ಯ ತಮ್ಮಿಂದ ಹುಟ್ಟಿತು ಎನ್ನುವುದಕ್ಕಿಂತ ತಮ್ಮೊಳಗಿನಿಂದ ಹಾದುಬಂತು ಎಂದು ಹೇಳಿಕೊಂಡ ಕವಿಗಳು ಎಲ್ಲ ಭಾಷೆಗಳಲ್ಲೂ ಇದ್ದಾರೆ. ಪ್ಲೇಟೋ ತನ್ನ ‘ಅಯಾನ್’ ಸಂವಾದದಲ್ಲಿ ಕವಿಯನ್ನು ದೈವಾವೇಶಕ್ಕೆ ಸಿಕ್ಕಿ ಸ್ವಂತ ಬುದ್ಧಿಯನ್ನು ಕಳೆದುಕೊಂಡವನೆಂದು ವರ್ಣಿಸಿದ. ಗದುಗಿನ ಕುಮಾರವ್ಯಾಸ ಕವಿಯ ಪಟ್ಟವನ್ನು ವೀರನಾರಾಯಣನಿಗೆ ಬಿಟ್ಟು, ಬರೆದುಕೊಳ್ಳುವ ಕೆಲಸವನ್ನಷ್ಟೇ ತನ್ನ ಪಾಲಿಗೆ ಇಟ್ಟುಕೊಂಡ. ದೆಹಲಿಯ ಮಿರ್ಜಾ ಗಾಲಿಬ್ ತನ್ನ ಕಾವ್ಯದ ವಸ್ತುಗಳು ಅಗೋಚರ ಲೋಕದಿಂದ ಮನಸ್ಸಿಗೆ ಇಳಿಯುತ್ತವೆ ಎಂದ. ಇಂಥ ಹೇಳಿಕೆಗಳನ್ನು ಬರಿಯ ವಿನಯವೆಂದೋ ಕಾವ್ಯಾರಂಭದ ರೂಢಿಯೆಂದೋ ಬದಿಗಿಡುವುದು ಸುಲಭ, ಅಕ್ಷರಶಃ ನಂಬುವುದೂ ಅಷ್ಟೇ ಸುಲಭ. ಆದರೆ ನಂಬಿದ ಕೂಡಲೇ ಒಂದು ತೊಡಕು ಎದುರಾಗುತ್ತದೆ, ಅದನ್ನು ಕಾವ್ಯಮೀಮಾಂಸಕರು ನೇರವಾಗಿ ಕೇಳಿದ್ದು ಕಡಿಮೆ: ಪದ್ಯ ಬಂದದ್ದು ತನ್ನನ್ನು ಮೀರಿದ ನೆಲೆಯಿಂದ ಎಂದಾದರೆ, ಮರುದಿನ ಕುಳಿತು ಅದರ ಪದ ಬದಲಿಸುವ, ಸಾಲು ಹೊಡೆದುಹಾಕುವ, ಕೊನೆಗೆ ಇಡೀ ಪದ್ಯವನ್ನೇ ಕೈಬಿಡುವ ಅಧಿಕಾರ ಕವಿಗೆ ಎಲ್ಲಿಂದ ಬಂತು?

ಈ ಪ್ರಶ್ನೆಯನ್ನು ಹಿಡಿದು ಯೋಚಿಸಲು ದೆಹಲಿಯ ತೆಂಕಣ ಅಂಚಿನ ಓಖ್ಲಾ ತಕ್ಕ ನೆಲೆ. ಹೊರಗಿನವರ ಪಾಲಿಗೆ ಓಖ್ಲಾ ಎಂದರೆ ಕಾರ್ಖಾನೆಗಳ ಪ್ರದೇಶ, ಯಮುನೆಗೆ ಅಡ್ಡಲಾಗಿ ಕಟ್ಟಿದ ಒಡ್ಡು, 1874ರಲ್ಲಿ ಅಲ್ಲಿಂದ ಹೊರಟ ಆಗ್ರಾ ಕಾಲುವೆ. ಉರ್ದು ಓದುಗರಿಗೆ ಅದು ಮೊದಲು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಊರು. ಅಸಹಕಾರ ಚಳವಳಿಯ ದಿನಗಳಲ್ಲಿ, 1920ರ ಅಕ್ಟೋಬರ್ 29ರಂದು ಅಲೀಗಢದಲ್ಲಿ ಹುಟ್ಟಿದ ಈ ವಿದ್ಯಾಸಂಸ್ಥೆ 1925ರಲ್ಲಿ ದೆಹಲಿಯ ಕರೋಲ್ ಬಾಗ್‌ಗೆ ಬಂದು, ಅಲ್ಲಿಂದ ಓಖ್ಲಾಕ್ಕೆ ಹೊರಟಿತು. 1935ರ ಮಾರ್ಚ್ 1ರಂದು ಇಲ್ಲಿ ಅಡಿಗಲ್ಲಿಟ್ಟದ್ದು ಯಾವ ನವಾಬನೂ ನಾಯಕನೂ ಅಲ್ಲ, ಸಂಸ್ಥೆಯ ಅತ್ಯಂತ ಕಿರಿಯ ವಿದ್ಯಾರ್ಥಿ. ಇದನ್ನು ಕಟ್ಟಿದವರಿಗೆ ಕಾವ್ಯ ಬಿಡುವಿನ ವೇಳೆಯ ವಿಲಾಸವಾಗಿರಲಿಲ್ಲ. ಬರ್ಲಿನ್‌ನಲ್ಲಿ ಓದುತ್ತಿದ್ದ ಜಾಕಿರ್ ಹುಸೇನರು 1925ರಲ್ಲಿ ಅಲ್ಲಿನ ಕಾವ್ಯಾನಿ ಮುದ್ರಣಾಲಯದಿಂದ ಗಾಲಿಬನ ಉರ್ದು ದಿವಾನ್ ಅನ್ನು, ಅಂದರೆ ಕವಿತಾಸಂಕಲನವನ್ನು, ಜೇಬಿನಲ್ಲಿ ಹಿಡಿಸುವ ಗಾತ್ರದಲ್ಲಿ ಅಂದವಾಗಿ ಅಚ್ಚು ಹಾಕಿಸಿದರು. ಅವರೊಂದಿಗೆ ಜಾಮಿಯಾ ಸೇರಿದ ಮೊಹಮ್ಮದ್ ಮುಜೀಬರು ಮುಂದೆ ಕೇಂದ್ರ ಸಾಹಿತ್ಯ ಅಕಾಡೆಮಿಗಾಗಿ ಗಾಲಿಬನ ಕುರಿತು ಪುಸ್ತಕ ಬರೆದರು. ಮೂರನೆಯ ಗೆಳೆಯ, ತತ್ತ್ವಶಾಸ್ತ್ರದ ವಿದ್ವಾಂಸ ಆಬಿದ್ ಹುಸೇನರ ಮಡದಿ ಸಾಲಿಹಾ ಆಬಿದ್ ಹುಸೇನರು ಗಾಲಿಬನ ಶಿಷ್ಯ ಅಲ್ತಾಫ್ ಹುಸೇನ್ ಹಾಲಿಯವರ ವಂಶಸ್ಥೆ, ಹಾಲಿಯವರ ಜೀವನಚರಿತ್ರೆ ಬರೆದವರು. ಗಾಲಿಬನ ಸಮಾಧಿ ಓಖ್ಲಾದಿಂದ ಬಡಗಲಿಗೆ ಕೆಲವೇ ಮೈಲಿ ದೂರದ ನಿಜಾಮುದ್ದೀನಿನಲ್ಲಿದ್ದರೆ, ಅವನ ಪ್ರತಿಮೆಯೊಂದು ಜಾಮಿಯಾದ ಅಂಗಳದಲ್ಲೇ ಇದೆ.

ಜಾಮಿಯಾದ ಮೊದಲ ಉಪಕುಲಪತಿ ಮೌಲಾನಾ ಮೊಹಮ್ಮದ್ ಅಲಿ ಸ್ವತಃ ಕವಿ. ‘ಜೌಹರ್’ ಅವರ ಕಾವ್ಯನಾಮ. ಅವರ ಗಜಲುಗಳಲ್ಲಿ ಗಟ್ಟಿಯಾದವು ಸೆರೆಮನೆಯ ವರ್ಷಗಳವು. 1921ರ ಕರಾಚಿ ಮೊಕದ್ದಮೆಯಲ್ಲಿ ಎರಡು ವರ್ಷದ ಶಿಕ್ಷೆಯಾದಾಗ ಅದರ ಒಂದು ಭಾಗವನ್ನು ಅವರು ಬಿಜಾಪುರದ ಜೈಲಿನಲ್ಲಿ ಕಳೆದರೆಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ. ಅದೇ ಊರಿನಲ್ಲಿ ಮೂರು ಶತಮಾನಗಳ ಹಿಂದೆ ಎರಡನೆಯ ಇಬ್ರಾಹೀಂ ಆದಿಲ್‌ಶಾಹ ‘ಕಿತಾಬ್-ಎ-ನವರಸ್’ ಎಂಬ ಗೀತಗಳ ಪುಸ್ತಕವನ್ನು ರಚಿಸಿ, ತನ್ನನ್ನು ಸರಸ್ವತಿ ಮತ್ತು ಗಣಪತಿಯರ ಮಗನೆಂದು ಕರೆದುಕೊಂಡಿದ್ದ. ಮುಸ್ಲಿಂ ಸುಲ್ತಾನನೊಬ್ಬ ತನ್ನ ಕವಿತ್ವದ ಮೂಲವನ್ನು ಹೀಗೆ ಹೇಳಿಕೊಂಡದ್ದನ್ನು ಇಂದಿನವರು ಬರಿಯ ಸೌಹಾರ್ದದ ನಿದರ್ಶನವಾಗಿ ಓದುತ್ತಾರೆ. ಅದರ ಹಿಂದೆ ಗಂಭೀರವಾದ ದೇವಶಾಸ್ತ್ರದ ಬಿಕ್ಕಟ್ಟೂ ಇದೆ.

ಆ ಬಿಕ್ಕಟ್ಟು ಇಂತಿದೆ. ಇಸ್ಲಾಮಿನಲ್ಲಿ ದೇವರ ಮಾತು ಮನುಷ್ಯನಿಗೆ ಇಳಿಯುವುದನ್ನು ‘ವಹೀ’ ಎನ್ನುತ್ತಾರೆ. ಅದು ಪ್ರವಾದಿಗಳಿಗೆ ಮಾತ್ರ ಸಂದದ್ದು, ಅದರ ಒಂದಕ್ಷರವನ್ನೂ ಬದಲಿಸುವಂತಿಲ್ಲ. ಪ್ರವಾದಿ ಮುಹಮ್ಮದರ ವಿರೋಧಿಗಳು ಅವರನ್ನು ಕವಿಯೆಂದು ಹಂಗಿಸಿದ್ದರಿಂದ, ಕುರಾನು ತಾನು ಕಾವ್ಯವಲ್ಲವೆಂದು ಹೇಳಲೇಬೇಕಾಯಿತು. ‘ಯಾಸೀನ್’ ಎಂಬ 36ನೆಯ ಅಧ್ಯಾಯದಲ್ಲಿ ಪ್ರವಾದಿಗೆ ಕಾವ್ಯವನ್ನು ಕಲಿಸಿಲ್ಲವೆಂಬ ಮಾತಿದೆ. ‘ಕವಿಗಳು’ ಎಂದೇ ಹೆಸರುಳ್ಳ 26ನೆಯ ಅಧ್ಯಾಯದ ಕೊನೆಯಲ್ಲಿ, ಕವಿಗಳು ಕಣಿವೆ ಕಣಿವೆಗಳಲ್ಲಿ ಅಲೆಯುವವರು, ಮಾಡದ್ದನ್ನು ಹೇಳುವವರು ಎಂಬ ಆಕ್ಷೇಪವಿದ್ದು, ನಂಬಿಕೆಯುಳ್ಳ ಸತ್ಕರ್ಮಿಗಳಿಗೆ ವಿನಾಯಿತಿಯೂ ಇದೆ. ಆ ವಿನಾಯಿತಿಯ ಸಂದಿಯಲ್ಲೇ ಅರಬ್ಬೀ, ಪಾರಸಿ, ಉರ್ದು ಕಾವ್ಯಗಳ ಲೋಕವೆಲ್ಲ ಬೆಳೆಯಿತು. ಪ್ರವಾದಿಯ ಪರವಾಗಿ ಪದ್ಯ ಕಟ್ಟುತ್ತಿದ್ದ ಹಸ್ಸಾನ್ ಇಬ್ನ್ ಸಾಬಿತನಿಗೆ ಪವಿತ್ರಾತ್ಮದ, ಎಂದರೆ ಜಿಬ್ರೀಲ್ ದೇವದೂತನ, ಬೆಂಬಲವಿತ್ತೆಂದು ಹದೀಸಿನಲ್ಲಿ ಬರುತ್ತದೆ. ಹೀಗಾಗಿ ವಿದ್ವಾಂಸರು ವಹೀಗಿಂತ ಕೆಳಗಿನ ಮೆಟ್ಟಿಲಾಗಿ ‘ಇಲ್ಹಾಮ್’ ಎಂಬುದನ್ನು ಗುರುತಿಸಿದರು: ಸಂತರ ಮತ್ತು ಸಾಮಾನ್ಯರ ಎದೆಗೆ ಹೊಳೆಯುವ, ಆದರೆ ಶಾಸನದ ಬಲವಿಲ್ಲದ ಪ್ರೇರಣೆ ಅದು. ಪಾರಸಿ ಕವಿಗಳು ಇನ್ನೂ ಜಾಣತನದಿಂದ ಜಿಬ್ರೀಲನನ್ನು ಆತನ ಪಾಡಿಗೆ ಬಿಟ್ಟು, ಇಸ್ಲಾಂಪೂರ್ವ ಇರಾನಿನ ‘ಸರೋಶ್’ ಎಂಬ ದೇವದೂತನನ್ನು ತಮ್ಮ ಕಿವಿಗೆ ಕರೆತಂದರು. ಗಾಲಿಬನಿಗೆ ತನ್ನ ಲೇಖನಿ ಕಾಗದದ ಮೇಲೆ ಓಡುವಾಗ ಕೇಳಿಸಿದ್ದು ಈ ಸರೋಶನ ದನಿಯೇ.

ಉರ್ದು ಕಾವ್ಯಚರ್ಚೆಯಲ್ಲಿ ಈ ಅನುಭವಕ್ಕೆ ‘ಆಮದ್’ ಎಂಬ ಹೆಸರಿದೆ, ಎಂದರೆ ಬರವು. ಪ್ರಯತ್ನಪಟ್ಟು ಕಟ್ಟಿದ ಪದ್ಯಕ್ಕೆ ‘ಆವುರ್ದ್’, ಎಂದರೆ ತಂದದ್ದು. ಮುಶಾಯಿರಾದಲ್ಲಿ, ಕವಿಗಳು ಒಬ್ಬೊಬ್ಬರಾಗಿ ತಮ್ಮ ಪದ್ಯ ಓದಿ ಸಭೆಯ ಮೆಚ್ಚುಗೆ ಪಡೆಯುವ ಆ ಗೋಷ್ಠಿಯಲ್ಲಿ, ಆಮದ್ ಹೊಗಳಿಕೆಯ ಮಾತು, ಆವುರ್ದ್ ಬಹುಮಟ್ಟಿಗೆ ಬೈಗುಳ. ಗಾಲಿಬನಿಗೆ ಪದ್ಯ ಬರುತ್ತಿದ್ದ ಬಗೆಯನ್ನು ಹಾಲಿಯವರು 1897ರ ‘ಯಾದ್‌ಗಾರ್-ಎ-ಗಾಲಿಬ್’ನಲ್ಲಿ ದಾಖಲಿಸಿದ್ದಾರೆ. ರಾತ್ರಿಯ ಹೊತ್ತು, ತುಸು ಮದ್ಯದ ಮತ್ತಿನಲ್ಲಿ, ಅವನು ದ್ವಿಪದಿಗಳನ್ನು ಮನಸ್ಸಿನಲ್ಲೇ ಕಟ್ಟುತ್ತಿದ್ದ. ಒಂದೊಂದು ಪೂರ್ತಿಯಾದಂತೆ ಸೊಂಟದ ಪಟ್ಟಿಗೆ ಒಂದೊಂದು ಗಂಟು ಹಾಕಿಕೊಂಡು ಮಲಗಿಬಿಡುತ್ತಿದ್ದ. ಬೆಳಗ್ಗೆ ಎದ್ದು ಗಂಟು ಬಿಚ್ಚುತ್ತ ನೆನಪಿನಿಂದ ಅವನ್ನು ಬರೆದುಕೊಳ್ಳುತ್ತಿದ್ದ. ಇಲ್ಲಿ ರಾತ್ರಿಯ ಮನಸ್ಸಿಗೂ ಬೆಳಗಿನ ಮನಸ್ಸಿಗೂ ನಡುವೆ ಇರುವ ಏಕೈಕ ಕೊಂಡಿ ಆ ಗಂಟು. ಗಂಟಿಗೆ ಲೆಕ್ಕ ಗೊತ್ತು, ಪದ ಗೊತ್ತಿಲ್ಲ; ಪದವನ್ನು ಮರಳಿ ಪಡೆಯಬೇಕಾದವನು ಎಚ್ಚತ್ತ ಗಾಲಿಬ್. (ಕುಮಾರವ್ಯಾಸ ಕೊಳದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ವೀರನಾರಾಯಣನ ಗುಡಿಯ ಕಂಬಕ್ಕೊರಗಿ ಕುಳಿತು, ಬಟ್ಟೆ ಒಣಗುವವರೆಗೆ ಮಾತ್ರ ಕಾವ್ಯ ಹೇಳುತ್ತಿದ್ದನೆಂಬ ಗದುಗಿನ ಐತಿಹ್ಯವನ್ನು ಇದರ ಪಕ್ಕಕ್ಕಿಟ್ಟರೆ, ಎರಡು ಕಡೆಯೂ ಬರವಿನ ಅಳತೆಗೋಲು ಉಟ್ಟ ಬಟ್ಟೆಯೇ ಆಗಿರುವುದು ವಿನೋದವಾಗಿ ಕಾಣುತ್ತದೆ.)

ಬಂದದ್ದನ್ನೆಲ್ಲ ಗಾಲಿಬ್ ಉಳಿಸಿಕೊಳ್ಳಲಿಲ್ಲ. 1797ರ ಡಿಸೆಂಬರ್ 27ರಂದು ಆಗ್ರಾದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ದೆಹಲಿಗೆ ಬಂದ ಅವನು ಹರೆಯದಲ್ಲಿ ಪಾರಸಿ ಕವಿ ಬೇದಿಲನ ಜಟಿಲ ಶೈಲಿಯನ್ನು ಹಿಡಿದು ಹೇರಳವಾಗಿ ಬರೆದ. ಕೊನೆಗಾಲದ ಪತ್ರವೊಂದರಲ್ಲಿ, ಹದಿನೈದರಿಂದ ಇಪ್ಪತ್ತೈದರ ವಯಸ್ಸಿನ ತನಕ ಬರೆದ ಕಲ್ಪನೆಯ ಕಸರತ್ತನ್ನೆಲ್ಲ ವಿವೇಕ ಬಂದ ಮೇಲೆ ತ್ಯಜಿಸಿ, ಹಾಳೆಗಳನ್ನು ಹರಿದೆನೆಂದೂ, ಮಾದರಿಗೆಂದು ಹತ್ತು ಹದಿನೈದು ದ್ವಿಪದಿಗಳನ್ನಷ್ಟೇ ಉಳಿಸಿಕೊಂಡೆನೆಂದೂ ಹೇಳಿಕೊಂಡ. ಈ ಲೆಕ್ಕ ಉತ್ಪ್ರೇಕ್ಷೆಯದು. 1821ರ ತೇದಿಯುಳ್ಳ ಹಸ್ತಪ್ರತಿಯೊಂದು ಭೋಪಾಲದಲ್ಲಿ ಸಿಕ್ಕಿ, 1921ರಲ್ಲಿ ‘ನುಸ್ಖಾ-ಎ-ಹಮೀದಿಯಾ’ ಎಂಬ ಹೆಸರಿನಿಂದ ಅಚ್ಚಾದಾಗ, ಹಳೆಯ ದ್ವಿಪದಿಗಳಲ್ಲಿ ಅದಕ್ಕಿಂತ ಬಹಳ ಹೆಚ್ಚಿನವು ಅಂಗೀಕೃತ ದಿವಾನಿನಲ್ಲಿ ಉಳಿದಿರುವುದು ಕಾಣಿಸಿತು. ಆದರೂ ಅವನು ಕೈಬಿಟ್ಟ ಪಾಲು ದೊಡ್ಡದೇ. 1841ರಲ್ಲಿ ಮೊದಲು ಅಚ್ಚಾಗಿ, ಅವನ ಜೀವಿತದಲ್ಲೇ ಐದು ಬಾರಿ ಮುದ್ರಣ ಕಂಡ ಆ ದಿವಾನಿನ ಕೊನೆಯ ರೂಪದಲ್ಲೂ ಇರುವುದು ಸುಮಾರು 1800 ದ್ವಿಪದಿಗಳು. ದೇವದೂತನ ದನಿ ಕೇಳಿದೆನೆಂದ ಕವಿಯೇ ದೇವದೂತನ ಬರಹವನ್ನು ಹರಿದು ಎಸೆದನೇ?

ಹಾಲಿಯವರು 1893ರಲ್ಲಿ ತಮ್ಮ ದಿವಾನಿಗೆ ಬರೆದ ದೀರ್ಘ ಪ್ರಸ್ತಾವನೆ, ‘ಮುಕದ್ದಮಾ-ಎ-ಶೇರ್-ಓ-ಶಾಯಿರಿ’, ಉರ್ದುವಿನ ಮೊದಲ ವಿಮರ್ಶಾಗ್ರಂಥವೆಂದು ಹೆಸರಾದದ್ದು. ಅದರಲ್ಲಿ ಅವರು ಮುಶಾಯಿರಾದ ರೂಢಿಯನ್ನೇ ತಿರುವಿಹಾಕುತ್ತಾರೆ: ತಟ್ಟನೆ ಬಂದದ್ದೇ ಉತ್ತಮವೆಂಬ ನಂಬಿಕೆ ತಪ್ಪು, ಬಾಳಿಕೆ ಬರುವ ಪದ್ಯಗಳು ಸಾಮಾನ್ಯವಾಗಿ ಬಹುಕಾಲದ ಚಿಂತನೆ ಮತ್ತು ತಿದ್ದುಪಡಿಯಿಂದ ಆದವು. ಇದಕ್ಕೆ ಅವರು ಕೊಡುವ ಸಾಕ್ಷ್ಯ ರೋಮಿನ ವರ್ಜಿಲನದು. ಬೆಳಗ್ಗೆ ಹೇಳಿ ಬರೆಸಿದ ಸಾಲುಗಳನ್ನು ಅವನು ದಿನವಿಡೀ ತಿದ್ದುತ್ತಿದ್ದನಂತೆ. ಕವಿಗೆ ಬೇಕಾದ ಮೂರು ಸಾಮಗ್ರಿಗಳನ್ನೂ ಹಾಲಿ ಹೆಸರಿಸುತ್ತಾರೆ: ಕಲ್ಪನಾಶಕ್ತಿ, ಸೃಷ್ಟಿಯ ಅಧ್ಯಯನ, ತಕ್ಕ ಪದಗಳ ಹುಡುಕಾಟ. ಕನ್ನಡದ ಓದುಗನಿಗೆ ಇಲ್ಲಿ ಮಮ್ಮಟ ನೆನಪಾಗದೆ ಇರಲಾರ; ಶಕ್ತಿ, ಲೋಕ ಮತ್ತು ಶಾಸ್ತ್ರಗಳ ಅವಲೋಕನದಿಂದ ಬರುವ ನಿಪುಣತೆ, ಬಲ್ಲವರ ಬಳಿ ಕಲಿತು ಮಾಡುವ ಅಭ್ಯಾಸ ಇವು ಮೂರೂ ಕೂಡಿ ಕಾವ್ಯದ ಹೇತುವೆಂದು ಅವನು ‘ಕಾವ್ಯಪ್ರಕಾಶ’ದಲ್ಲಿ ಹೇಳಿದ್ದಾನೆ. ಅವನಿಗೂ ಹಿಂದಿನ ದಂಡಿ ಸಹಜವಾದ ಪ್ರತಿಭೆ, ವಿಶಾಲವಾದ ಓದು, ಬಿಡದ ಪರಿಶ್ರಮ ಎಂದು ಎಣಿಸಿದ್ದ. ಆ ದಂಡಿಯ ಜಾಡಿನಲ್ಲಿ ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಒಂದು ಕಡೆ ಈ ನಾಡಿನ ಜನರು ಓದದೆಯೂ ಕಾವ್ಯದಲ್ಲಿ ನುರಿತವರೆಂದು ಮೆಚ್ಚಿ, ಮತ್ತೊಂದು ಕಡೆ ಪದ್ಯದ ದೋಷಗಳನ್ನು ಬಿಡದೆ ಪಟ್ಟಿಮಾಡುತ್ತದೆ. ಈ ಎರಡು ಧೋರಣೆಗಳನ್ನು ವಿರೋಧವೆಂದು ಭಾವಿಸಿದವರು ಆ ಗ್ರಂಥದ ಹದವನ್ನು ತಪ್ಪಾಗಿ ಗ್ರಹಿಸಿದ್ದಾರೆ.

ಆದರೆ ಸಾಮಗ್ರಿಗಳನ್ನು ಎಣಿಸಿದ ಮಾತ್ರಕ್ಕೆ ಮೂಲ ಪ್ರಶ್ನೆ ಬಗೆಹರಿಯುವುದಿಲ್ಲ. ಅದರ ಹತ್ತಿರಕ್ಕೆ ಬಂದವನು ಕ್ರಿ.ಶ. 900ರ ಆಸುಪಾಸಿನ ರಾಜಶೇಖರ. ‘ಕಾವ್ಯಮೀಮಾಂಸೆ’ಯಲ್ಲಿ ಅವನು ಕವಿಯ ದಿನವನ್ನು ಜಾವ ಜಾವವಾಗಿ ಹಂಚುತ್ತಾನೆ: ಮೊದಲನೆಯದರಲ್ಲಿ ಸರಸ್ವತಿಯ ಪೂಜೆ ಮತ್ತು ವ್ಯಾಸಂಗ, ಎರಡನೆಯದರಲ್ಲಿ ರಚನೆ, ಊಟದ ಬಳಿಕ ಮೂರನೆಯದರಲ್ಲಿ ಕಾವ್ಯಗೋಷ್ಠಿ, ನಾಲ್ಕನೆಯದರಲ್ಲಿ ಒಬ್ಬನೇ ಅಥವಾ ಕೆಲವೇ ಆಪ್ತರೊಡನೆ ಕುಳಿತು ಬೆಳಗ್ಗೆ ಬರೆದದ್ದರ ಪರೀಕ್ಷೆ. ರಸದ ಆವೇಶದಲ್ಲಿ ರಚಿಸುವವನಿಗೆ ವಿವೇಚಿಸುವ ಕಣ್ಣು ಆಗ ಇರುವುದಿಲ್ಲವೆಂಬುದು ಅವನು ಕೊಡುವ ಕಾರಣ. ಇದು ಚಿಕ್ಕ ಮಾತಾದರೂ ಇಡೀ ಚರ್ಚೆಯ ದಿಕ್ಕನ್ನು ಬದಲಿಸಬಲ್ಲದು. ಆವೇಶವನ್ನು ರಾಜಶೇಖರ ಅಲ್ಲಗಳೆಯುವುದಿಲ್ಲ, ಹಾಗೆಂದು ಅದಕ್ಕೆ ಕೊನೆಯ ಮಾತಿನ ಅಧಿಕಾರವನ್ನೂ ಕೊಡುವುದಿಲ್ಲ. ಅದಕ್ಕೊಂದು ವೇಳೆ ಗೊತ್ತುಮಾಡುತ್ತಾನೆ. ಆಮದ್ ಮತ್ತು ಆವುರ್ದ್ ಎಂಬವು ಎರಡು ಜಾತಿಯ ಪದ್ಯಗಳೆಂದು ಮುಶಾಯಿರಾ ತಿಳಿದಿದ್ದರೆ, ಅವು ಒಂದೇ ಪದ್ಯದ ಎರಡು ಹೊತ್ತುಗಳೆಂಬ ನೋಟ ಇಲ್ಲಿದೆ. ಗಾಲಿಬನ ರಾತ್ರಿ ಮತ್ತು ಬೆಳಗು ಈ ವೇಳಾಪಟ್ಟಿಯ ಅಡ್ಡಾದಿಡ್ಡಿ ರೂಪ.

ಕುಮಾರವ್ಯಾಸನ ನಿಲುವು ಇದಕ್ಕೆ ಪೂರ್ತಿ ಎದುರು, ಅದರ ತರ್ಕ ಮಾತ್ರ ಬಲು ಬಿಗಿ. ರಾಜಶೇಖರ ಕವಿಯ ಬಳಿ ಇರಬೇಕಾದ ಸಲಕರಣೆಗಳಲ್ಲಿ ಹಲಗೆಯನ್ನೂ ಬಳಪವನ್ನೂ ಸೇರಿಸಿದ್ದಾನೆ, ಎಂದರೆ ಬರೆದು ಅಳಿಸುವ ಸಾಧನಗಳನ್ನು. ತನ್ನ ಹೆಚ್ಚಳಗಳನ್ನು ಸಾರಿಕೊಳ್ಳುವ ಕುಮಾರವ್ಯಾಸ ತಾನು ಅವನ್ನು ಮುಟ್ಟುವವನೇ ಅಲ್ಲ, ಇಟ್ಟ ಪದವನ್ನು ಅಳಿಸುವವನೂ ಅಲ್ಲ ಎನ್ನುತ್ತಾನೆ. ಇದನ್ನು ಆಶುಕವಿಯ ಜಂಬವೆಂದು ಓದುವವರಿದ್ದಾರೆ. ಆದರೆ ವೀರನಾರಾಯಣನೇ ಕವಿಯೆಂಬ ಮಾತಿನೊಂದಿಗೆ ಕೂಡಿಸಿ ಓದಿದರೆ ಅದು ಜಂಬವಾಗಿ ಉಳಿಯದು: ಹೇಳುವವನು ದೇವರಾದ ಮೇಲೆ ಬರೆದುಕೊಳ್ಳುವವನಿಗೆ ಅಳಿಸುವ ಹಕ್ಕಿರಲಾರದು. ವಹೀಯ ಬಗ್ಗೆ ಇಸ್ಲಾಮಿನ ವಿದ್ವಾಂಸರು ಹೇಳಿದ ನಿಯಮವನ್ನೇ ಹದಿನೈದನೆಯ ಶತಮಾನದ ಈ ಭಾಗವತ ಕವಿ ತನ್ನ ಕಾವ್ಯಕ್ಕೆ ತಾನೇ ಹಾಕಿಕೊಂಡ. ಇತಿಹಾಸ ಮಾತ್ರ ಅವನ ಮಾತನ್ನು ನಡೆಸಿಕೊಡಲಿಲ್ಲ. ಅವನ ಭಾರತ ಹತ್ತು ಪರ್ವಗಳಿಗೆ ನಿಂತಿತು, ಉಳಿದದ್ದನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಊರೂರಿನ ಪ್ರತಿಕಾರರೂ ಗಮಕಿಗಳೂ ಪಾಠಾಂತರಗಳನ್ನು ಬೆಳೆಸಿ, ಕವಿ ತಿದ್ದದೆ ಬಿಟ್ಟದ್ದನ್ನು ತಾವು ತಿದ್ದಿದರು. ಬರವಿನ ಹೆಸರಿನಲ್ಲಿ ಕವಿ ತೊರೆದ ಕೆಲಸ ಮಾಯವಾಗದೆ ಬೇರೆಯವರ ಕೈಗೆ ಹೋಯಿತು.

ಕರ್ತೃತ್ವದ ಬಗ್ಗೆ ಕವಿ ಏನನ್ನು ನಂಬಿದ್ದಾನೆಂಬುದು ಪದ್ಯದ ಕೊನೆಯಲ್ಲಿ ಅವನು ಯಾರ ಹೆಸರು ಹಾಕುತ್ತಾನೆ ಎಂಬುದರಿಂದಲೂ ತಿಳಿಯುತ್ತದೆ. ಗಜಲಿನ ಕೊನೆಯ ದ್ವಿಪದಿಗೆ ‘ಮಕ್ತಾ’ ಎಂದು ಹೆಸರು. ಅದರಲ್ಲಿ ಕವಿ ತನ್ನ ‘ತಖಲ್ಲುಸ್’ ಅನ್ನು, ಎಂದರೆ ಕಾವ್ಯನಾಮವನ್ನು, ನೇಯುತ್ತಾನೆ. ವಚನದ ಕೊನೆಯಲ್ಲಿ ಬರುವುದು ಕೂಡಲಸಂಗಮದೇವನ ಹೆಸರು, ಬಸವಣ್ಣನದಲ್ಲ, ಅಂಕಿತ ದೇವರದು. ಹರಿದಾಸರಲ್ಲಿ ಅಂಕಿತವನ್ನು ಕವಿ ತಾನಾಗಿ ಆರಿಸಿಕೊಳ್ಳುವಂತೆಯೂ ಇಲ್ಲ, ಗುರು ಕೊಡಬೇಕು. ವಿಜಯದಾಸರಿಗೆ ಅದು ಕನಸಿನಲ್ಲಿ ಪುರಂದರದಾಸರಿಂದ ಬಂತೆಂಬುದು ಸಂಪ್ರದಾಯದ ನಂಬಿಕೆ. ಹೀಗೆ ನೋಡಿದರೆ ಗಜಲು ಅಹಂಕಾರದ ರೂಪ, ವಚನ ಶರಣಾಗತಿಯ ರೂಪ ಎಂದು ತೀರ್ಮಾನಿಸಬಹುದೆನಿಸುತ್ತದೆ, ಆದರೆ ಆ ತೀರ್ಮಾನ ನಿಲ್ಲದು. ಮಕ್ತಾದಲ್ಲಿ ಕವಿ ತನ್ನನ್ನು ಮೂರನೆಯವನಂತೆ ಹೆಸರು ಹಿಡಿದು ಕರೆಯುತ್ತಾನೆ, ಹಂಗಿಸುತ್ತಾನೆ, ಕನಿಕರಿಸುತ್ತಾನೆ. ಬರೆದವನೇ ಬೇರೆ, ಬರೆಸಿಕೊಂಡವನೇ ಬೇರೆ ಎಂಬಷ್ಟು ಅಂತರ ಅಲ್ಲಿ ಏರ್ಪಡುತ್ತದೆ. ಕನ್ನಡದಲ್ಲಿ ಇದಕ್ಕೆ ತೀರ ಹತ್ತಿರದ ಉದಾಹರಣೆ ಬೇಂದ್ರೆಯವರದು. ತಾಯಿಯ ಹೆಸರನ್ನು ಒಳಗೊಂಡ ‘ಅಂಬಿಕಾತನಯದತ್ತ’ನನ್ನು ಅವರು ಕೇವಲ ಕಾವ್ಯನಾಮವಾಗಿ ಕಾಣದೆ, ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬ ಮೇಷ್ಟರಿಗಿಂತ ಬೇರೆಯಾದ ಒಬ್ಬ ವ್ಯಕ್ತಿಯೆಂಬಂತೆ ನಡೆಸಿಕೊಂಡರು. ಕುವೆಂಪು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ‘ಶ್ರೀ ರಾಮಾಯಣ ದರ್ಶನಂ’ ಅನ್ನು ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸುವ ಭಾಗದಲ್ಲಿ, ಆ ಮಹಾಕಾವ್ಯವೇ ಕುವೆಂಪುವನ್ನು ಸೃಷ್ಟಿಸಿತೆಂದರು. ಈ ಮಾತಿನಲ್ಲಿ ದೈವಕ್ಕೂ ಕವಿಗೂ ನಡುವೆ ಕರ್ತೃತ್ವವನ್ನು ಹಂಚುವ ಗೋಜೇ ಇಲ್ಲ. ಕೃತಿಯೇ ಕರ್ತೃ, ಕವಿಯೇ ಕೃತಿ.

ಕುವೆಂಪುವಿನ ಈ ಮಾತನ್ನು ಹಿಡಿದು ಮೊದಲಿನ ಪ್ರಶ್ನೆಗೆ ಹಿಂದಿರುಗಿದರೆ ಒಂದು ಉತ್ತರ ರೂಪುಗೊಳ್ಳುತ್ತದೆ. ತಿದ್ದುವ ಹಕ್ಕು ಒಡೆತನದಿಂದ ಬರುತ್ತದೆ ಎಂದುಕೊಂಡದ್ದರಿಂದಲೇ ತೊಡಕು ಹುಟ್ಟಿದ್ದು. ಪದ್ಯ ನನ್ನದಾದರೆ ತಿದ್ದಬಹುದು, ದೇವರದಾದರೆ ತಿದ್ದಬಾರದು ಎಂಬುದು ಆಸ್ತಿಯ ನ್ಯಾಯ; ಕವಿಗಳ ಆಚರಣೆಯಲ್ಲಿ ಆ ನ್ಯಾಯ ಕಾಣುವುದಿಲ್ಲ. ಉರ್ದುವಿನಲ್ಲಿ ಉಸ್ತಾದ್ ಎನಿಸಿದ ಗುರು ಶಿಷ್ಯನ ಪದ್ಯವನ್ನು ತಿದ್ದಿಕೊಡುವ ‘ಇಸ್ಲಾಹ್’ ಎಂಬ ಪದ್ಧತಿಯಿದೆ. 1854ರಲ್ಲಿ ಜೌಕ್ ತೀರಿಕೊಂಡ ಮೇಲೆ ಬಾದಶಹ ಬಹಾದುರ್ ಶಾಹ ಜಫರನ ಉಸ್ತಾದ್ ಆದ ಗಾಲಿಬ್, ದೂರದೂರಿನ ಶಿಷ್ಯರ ಗಜಲುಗಳನ್ನು ಅಂಚೆಯಲ್ಲಿ ತರಿಸಿಕೊಂಡು ತಿದ್ದಿ ಕಳಿಸುತ್ತಿದ್ದ. ಆ ಪದ್ಯಗಳು ಅವನವಲ್ಲ. ತಿದ್ದಿದ ಮೇಲೂ ಅವನವಾಗುತ್ತಿರಲಿಲ್ಲ. ಒಡೆತನವಿಲ್ಲದೆ ಹೊಣೆ ಹೊರುವುದು ಇಸ್ಲಾಹಿನ ಸ್ವರೂಪ. ತನಗೆ ಅಗೋಚರದಿಂದ ಬಂದ ಪದ್ಯದೊಡನೆ ಕವಿಯ ಸಂಬಂಧವೂ ಇದೇ ಬಗೆಯದೆಂದು ತಿಳಿದರೆ, ಗಾಲಿಬ್ ಹೇಳಿದ್ದಕ್ಕೂ ಮಾಡಿದ್ದಕ್ಕೂ ವಿರೋಧ ಉಳಿಯುವುದಿಲ್ಲ: ತನ್ನ ಪದ್ಯಕ್ಕೆ ತಾನು ಒಡೆಯನಲ್ಲ, ಉಸ್ತಾದ್. ವಹೀಯನ್ನು ಪಡೆದವನು ಅದನ್ನು ತಲುಪಿಸಿದರೆ ಸಾಕು; ಕವಿಗೆ ಬಂದದ್ದರಲ್ಲಿ ಸರೋಶನ ದನಿಯೂ ಇರಬಹುದು, ಬೇದಿಲನ ಮಾರ್ದನಿಯೂ ಇರಬಹುದು, ಬರಿಯ ಮತ್ತಿನ ಬಡಬಡಿಕೆಯೂ ಇರಬಹುದು. ಬರುವಾಗ ಇವೆಲ್ಲ ಒಂದೇ ರಭಸದಿಂದ ಬರುತ್ತವೆ, ಒಂದೇ ಮಟ್ಟದ ಖಚಿತತೆಯಿಂದ ಕೇಳಿಸುತ್ತವೆ. ಯಾವುದು ಯಾವುದೆಂದು ಬೇರ್ಪಡಿಸುವುದಕ್ಕೆ ಬೆಳಗಿನ ಹೊತ್ತೊಂದೇ ದಾರಿ. ಈ ಅರ್ಥದಲ್ಲಿ ತಿದ್ದುಪಡಿ ಪ್ರೇರಣೆಗೆ ಮಾಡಿದ ಅಪಚಾರವಲ್ಲ. ಪ್ರೇರಣೆಯನ್ನು ಗಂಭೀರವಾಗಿ ತೆಗೆದುಕೊಂಡವನು ಮಾತ್ರ ಅದರ ಹೆಸರಿನಲ್ಲಿ ನುಸುಳಿದ್ದನ್ನು ಹೊರಗಟ್ಟಲು ಇಷ್ಟು ಕಷ್ಟಪಡುತ್ತಾನೆ. ಎಲ್ಲವನ್ನೂ ಉಳಿಸಿಕೊಳ್ಳುವ ಕವಿ ತನಗೆ ಬಂದದ್ದೆಲ್ಲವೂ ಒಂದೇ ಬೆಲೆಯದೆಂದು ಒಪ್ಪಿಕೊಂಡಂತಾಗುತ್ತದೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು: ಬೇರ್ಪಡಿಸುವ ವಿವೇಕವೂ ಕೊಡಲ್ಪಟ್ಟದ್ದೇ ಅಲ್ಲವೇ? ರಾಜಶೇಖರ ಇದನ್ನು ಮುಂಗಂಡವನಂತೆ ಪ್ರತಿಭೆಯನ್ನೇ ಎರಡಾಗಿ ವಿಂಗಡಿಸಿದ್ದಾನೆ: ರಚಿಸುವ ಕಾರಯಿತ್ರೀ, ರಚಿಸಿದ್ದನ್ನು ಸವಿದು ತೂಗುವ ಭಾವಯಿತ್ರೀ. ಎರಡನೆಯದು ಮುಖ್ಯವಾಗಿ ಸಹೃದಯನದು. ಹಾಗಾದರೆ ನಾಲ್ಕನೆಯ ಜಾವದಲ್ಲಿ ಕುಳಿತ ಕವಿ ತನ್ನ ಪದ್ಯಕ್ಕೆ ತಾನೇ ಮೊದಲ ಓದುಗ, ಕೊನೆಯ ಓದುಗನಲ್ಲ. ಓಖ್ಲಾದ ಶಾಹೀನ್ ಬಾಗ್‌ನಲ್ಲಿ 2019ರ ಡಿಸೆಂಬರಿನಿಂದ 2020ರ ಮಾರ್ಚಿನವರೆಗೆ ಪೌರತ್ವ ತಿದ್ದುಪಡಿ ಕಾಯಿದೆಯ ವಿರುದ್ಧ ಮಹಿಳೆಯರು ರಸ್ತೆಯಲ್ಲಿ ಕುಳಿತಿದ್ದಾಗ, ಫೈಜ್ ಅಹ್ಮದ್ ಫೈಜ್ 1979ರಲ್ಲಿ ಬರೆದಿದ್ದ, ಕುರಾನಿನ ನುಡಿಗಟ್ಟೊಂದನ್ನೇ ಶೀರ್ಷಿಕೆಯಾಗಿ ಹೊತ್ತ ಪದ್ಯ ಅಲ್ಲಿ ಮತ್ತೆ ಮತ್ತೆ ಕೇಳಿಬಂತು. ನಲವತ್ತು ವರ್ಷ ಹಳೆಯ, ಬೇರೆ ದೇಶದ, ಬೇರೆ ಸಂದರ್ಭದ ಆ ಪದ್ಯವನ್ನು ಹಾಡಿದವರು ಅದನ್ನು ಸ್ಮರಿಸಲಿಲ್ಲ, ತಮ್ಮ ಮಾತಾಗಿ ಆಡಿದರು. ಬರವು ಕವಿಯಲ್ಲಿ ಒಮ್ಮೆ ನಡೆದು ಮುಗಿಯುವ ಘಟನೆಯಲ್ಲವೆಂಬುದಕ್ಕೆ ಆ ಚಳಿಗಾಲ ಸಾಕ್ಷಿ.

ಗಾಲಿಬ್ ಕೈಬಿಟ್ಟದ್ದೂ ಹೀಗೆ ಓದುಗರ ಪಾಲಿಗೆ ಮರಳಿ ಬಂದಿದೆ. ರಾಂಪುರದ ರಜಾ ಗ್ರಂಥಾಲಯದ ವಿದ್ವಾಂಸ ಇಮ್ತಿಯಾಜ್ ಅಲಿ ಅರ್ಶಿಯವರು 1958ರಲ್ಲಿ ಪ್ರಕಟಿಸಿದ ಆವೃತ್ತಿಯಲ್ಲಿ ಗಾಲಿಬನ ಉರ್ದು ಕಾವ್ಯವೆಲ್ಲ ಮೂರು ಭಾಗಗಳಲ್ಲಿ ನಿಂತಿದೆ. ಕವಿ ತಿರಸ್ಕರಿಸಿದ ಹಳೆಯ ಪದ್ಯಗಳಿರುವ ಭಾಗಕ್ಕೆ ಅರ್ಥದ ಭಂಡಾರವೆಂದೂ, ದಿವಾನಿನ ಹೊರಗೆ ಚದುರಿದವಕ್ಕೆ ಅಳಲಿನ ನೆನಪೆಂದೂ ಸಂಪಾದಕರು ಹೆಸರಿಟ್ಟರು. ‘ನವಾ-ಎ-ಸರೋಶ್’, ಸರೋಶನ ದನಿ, ಎಂಬ ಹೆಸರನ್ನು ಅವರು ತೆಗೆದಿರಿಸಿದ್ದು ಗಾಲಿಬ್ ಹೊಡೆದು, ತಿದ್ದಿ, ಆರಿಸಿ ಉಳಿಸಿಕೊಂಡ ದಿವಾನಿಗೆ.